ಎರಡು ಲಕ್ಷದ ಎಂಬತ್ತನಾಲ್ಕು ಸಾವಿರದ ಎಂಟುನೂರ ನಲವತ್ತೊಂಬತ್ತು

ನನ್ನ ಕೈಯಲ್ಲಿ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ, ಹೆಮ್ಮಿಗೆಯ ಪುಟ್ಟಮಾದಪ್ಪನವರು. ಹೀಗೆ ಹೇಳಿದವರು ಊರಲ್ಲಿ ಇನ್ನೂ ಬಹಳ ಜನ ಇದ್ದರು. ಆದರೆ ಅವರೆಲ್ಲ ನನ್ನ ಬುದ್ಧಿಯನ್ನು ನೋಡಿ ಹೇಳಿದವರು. ಅವರ ಮಾತಿಗೆ ಅಷ್ಟೋ ಇಷ್ಟೋ ಆಧಾರವಿತ್ತು, ಹಾಗಾಗಿ ಕ್ಷಮಿಸಿದ್ದೇನೆ. ದೊಡ್ಡಪ್ಪ ನೋಡಿದ್ದು ನನ್ನ ರಿಜಿಸ್ಟರ್ ನಂಬರನ್ನು.

ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ, ಮೊದಲ ಪರೀಕ್ಷೆಯ ಹಾಲ್ ಟಿಕೆಟ್ ಹಿಡಿದುಕೊಂಡು ಮನೆಗೆ ಬಂದಿದ್ದೆ. ನಮ್ಮ ವಂಶದಲ್ಲಿ ಹಾಲ್ ಟಿಕೆಟ್ ಎಂಬ ವಸ್ತುವನ್ನು ಅದಕ್ಕೆ ಮುಂಚೆ ಕಂಡಿದ್ದವರು ದೊಡ್ಡಪ್ಪ ಒಬ್ಬರೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕಾಗಿ ಮೂರು ಸಲ ಕೂತು, ಮೂರು ಸಲವೂ ಫೇಲಾಗಿ, ನಾಲ್ಕನೆಯ ಸಲಕ್ಕೆ ನೇಗಿಲು ಹಿಡಿದವರು. ಅನುಭವಸ್ಥರು ಎಂದು ಅವರ ಕೈಗೆ ಕೊಟ್ಟೆ. ಅವರು ಫೋಟೋ ನೋಡಲಿಲ್ಲ, ಹೆಸರು ನೋಡಲಿಲ್ಲ. ನಂಬರಿನ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸಿದರು.

"ಎಲ್ಡು, ಎಂಟು, ನಾಕು, ಎಂಟು, ನಾಕು, ಒಂಬತ್ತು. ಮೂವತ್ತೈದಾಯ್ತು. ಮೂರೂ ಐದೂ ಎಂಟು." ಹಾಲ್ ಟಿಕೆಟ್ ವಾಪಸು ಕೊಟ್ಟರು. "ಈ ನಂಬರಲ್ಲಿ ಡಿಗ್ರಿ ಆಗಾಕಿಲ್ಲ ಕಣ್ಲಾ. ಎಂಟು ಅಂದ್ರೆ ಶನಿ. ಒಳಗೂ ಎಲ್ಡು ಎಂಟು ಕುಂತವೆ ನೋಡು, ಕಾವಲಿಗೆ."

"ನಂಬರ್ ಕೊಡೋದು ಯೂನಿವರ್ಸಿಟೀಲಿ ಯಾರೋ ಗುಮಾಸ್ತ, ದೊಡ್ಡಪ್ಪ. ಸಾಲಾಗಿ ಬರ್ಕೊಂಡು ಹೋಗ್ತಾರೆ ಅಷ್ಟೆ."

"ಆ ಗುಮಾಸ್ತನ ಕೈಲಿ ಬರ್ಸೋನು ಯಾರು?"

ನಾನು ಹಾಲ್ ಟಿಕೆಟ್ ಮಡಚಿ ಜೇಬಿಗಿಟ್ಟುಕೊಂಡೆ.

ಅವರ ವಾದಕ್ಕೆ ಸಾಕ್ಷಿಯೂ ಇತ್ತು. ಅವರೇ ಸಾಕ್ಷಿ. ಫೇಲಾದ ಮೂರೂ ಸಲದ ನಂಬರುಗಳು ಅವರಿಗೆ ಬಾಯಿಪಾಠ. ಮನೆಯ ಎಮ್ಮೆಗಳ ಹೆಸರು ಮರೆತಾರು, ಇವನ್ನು ಮರೆಯರು. ಅರವತ್ತೊಂದು ಸಾವಿರದ ಏಳುನೂರ ನಲವತ್ತೆಂಟು. ಐವತ್ತೆರಡು ಸಾವಿರದ ಮುನ್ನೂರ ಎಪ್ಪತ್ತು. ನಲವತ್ತೆಂಟು ಸಾವಿರದ ಇನ್ನೂರ ಏಳು. "ಮೂರಕ್ಕೆ ಮೂರೂ ಎಂಟೇ" ಎಂದು ಮುಗಿಸಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಮನಸ್ಸಿನಲ್ಲೇ ಕೂಡಿದೆ. ಮೊದಲನೆಯದು ಎಂಟು, ಸರಿ. ಎರಡನೆಯದೂ ಎಂಟು. ಮೂರನೆಯದು ಇಪ್ಪತ್ತೊಂದು, ಅಂದರೆ ಮೂರು. ಇವರ ಶಾಸ್ತ್ರದ ಪ್ರಕಾರವೇ ಅದು ಗುರು, ಬಹಳ ಶುಭ. ಇಷ್ಟು ವರ್ಷ ತಪ್ಪು ಕೂಡಿಕೊಂಡು ಬಂದಿದ್ದಾರೆ. ಗಣಿತದಲ್ಲಿ ಫೇಲಾಗಲು ಶನಿಯ ಸಹಾಯ ಬೇಕಾಗಿರಲಿಲ್ಲ ಎಂದು ಹೇಳಲು ಬಾಯಿ ತುರಿಸಿತು. ಹೇಳಲಿಲ್ಲ. ಆಗ ಹೇಳದೆ ಇದ್ದದ್ದು ಭಯದಿಂದ. ಆಮೇಲೆ ಬೇರೆ ಕಾರಣ ಸಿಕ್ಕಿತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಿಬಿಡಬೇಕು. ಅಂಕಿಗಳನ್ನು ಕೂಡುವುದು, ಬಂದದ್ದನ್ನು ಮತ್ತೆ ಕೂಡುವುದು, ಒಂದೇ ಅಂಕಿ ಉಳಿಯುವ ತನಕ ಬಿಡದೆ ಕೂಡುವುದು ಮೂಢನಂಬಿಕೆಯಲ್ಲ, ಅಪ್ಪಟ ಗಣಿತ. ಒಂದು ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೋ ಅಷ್ಟೇ ಈ ಕೂಡಿಕೆಯಲ್ಲೂ ಬರುತ್ತದೆ. ಏನೂ ಉಳಿಯದಿದ್ದರೆ ಒಂಬತ್ತು ಬರುತ್ತದೆ. 284849ನ್ನು ಒಂಬತ್ತರಿಂದ ಭಾಗಿಸಿ ನೋಡಿ, ಎಂಟು ಉಳಿಯುತ್ತದೆ. ಅಂದರೆ ಊರೂರಿನ ದೊಡ್ಡಪ್ಪಂದಿರು ಲಗ್ನಪತ್ರಿಕೆ, ಟ್ರ್ಯಾಕ್ಟರಿನ ನಂಬರು, ಲಾಟರಿ ಚೀಟಿಗಳ ಮೇಲೆ ಬೆರಳಿಟ್ಟು ಮಾಡುತ್ತಿರುವುದು ಒಂಬತ್ತರ ಭಾಗಾಕಾರ. ಶನಿ ಎಂದರೆ ಶೇಷ ಎಂಟು. ಹಾಗಿರುವಾಗ ಪ್ರತಿ ಒಂಬತ್ತು ಜನಕ್ಕೆ ಒಬ್ಬನಿಗೆ ಶನಿ ತಪ್ಪಿದ್ದಲ್ಲ. ನಮ್ಮ ಕ್ಲಾಸಿನಲ್ಲಿ ನನ್ನಿಂದ ಮುಂದಕ್ಕೆ ಒಂಬತ್ತನೆಯ ನಂಬರು, 284858. ಅದರ ಮೊತ್ತವೂ ಮೂವತ್ತೈದು, ಒಳಗೆ ಕಾವಲಿಗೆ ಎರಡಲ್ಲ, ಮೂರು ಎಂಟು. ಆ ನಂಬರಿನ ಹುಡುಗಿ ಪ್ರತಿ ವರ್ಷವೂ ಕ್ಲಾಸಿಗೆ ಮೊದಲು. ಶನಿಮಹಾತ್ಮ ಆಕೆಯ ಮನೆಯ ವಿಳಾಸ ಸಿಗದೆ ಅಲ್ಲೇ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಿರಬೇಕು. ಇದನ್ನು ದೊಡ್ಡಪ್ಪನಿಗೆ ಹೇಳಿದೆ.

"ಎಣ್ಮಕ್ಕಳ್ಗೆ ಆ ಲೆಕ್ಕ ಬ್ಯಾರೆ" ಎಂದರು. ಎಷ್ಟು ಬೇರೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಮೊದಲ ವರ್ಷ ಹೇಗೋ ದಾಟಿದೆ. ಎರಡನೆಯ ವರ್ಷ ಗಣಿತದ ಒಂದು ಪತ್ರಿಕೆ ಕೈಕೊಟ್ಟಿತು. ಅವಕಲ ಸಮೀಕರಣಗಳ, ಅಂದರೆ ಡಿಫರೆನ್ಷಿಯಲ್ ಈಕ್ವೇಷನ್ನುಗಳ ಪತ್ರಿಕೆ. ಅದು ಯಾಕೆ ಹೋಯಿತು ಎಂದರೆ ನಾನು ಓದಿರಲಿಲ್ಲ, ಇಷ್ಟೇ ಕಾರಣ. ಆದರೆ ಮನೆಯಲ್ಲಿ ಇಷ್ಟು ಸರಳವಾದ ಕಾರಣ ಯಾರಿಗೂ ಬೇಕಾಗಿರಲಿಲ್ಲ. ದೊಡ್ಡಪ್ಪ ಸುದ್ದಿ ಕೇಳಿ ಎದೆಯುಬ್ಬಿಸಿಕೊಂಡು ಬಂದರು. ನಾನು ಪಾಸಾಗಿದ್ದರೂ ಅಷ್ಟು ಸಂತೋಷ ಪಡುತ್ತಿದ್ದರೋ ಇಲ್ಲವೋ. ಅಪ್ಪನನ್ನು ಜಗಲಿಯ ಮೇಲೆ ಕೂರಿಸಿಕೊಂಡು ತೀರ್ಮಾನ ಮಾಡಿಬಿಟ್ಟರು. ಇನ್ನೊಂದೇ ಅವಕಾಶ. ಮೂರನೆಯ ವರ್ಷದ ಪರೀಕ್ಷೆಯ ಜೊತೆಗೆ ಈ ಪತ್ರಿಕೆಯೂ ಆಗಬೇಕು. ಆಗದಿದ್ದರೆ ಓದು ಸಾಕು, ತಾಂಡ್ಯದ ಫ್ಯಾಕ್ಟರಿಯಲ್ಲಿ ಪರಿಚಯದ ಕಂಟ್ರಾಕ್ಟರ್ ಒಬ್ಬ ಇದ್ದಾನೆ, ಗೇಟಿನೊಳಗೆ ಬಿಡಿಸುತ್ತಾನೆ.

"ಹಂಗೇ ಆಗ್ಲಿ" ಅಂದ ಅಪ್ಪ. ಅಪ್ಪ ಅಣ್ಣನ ಮಾತು ಮೀರಿದವನಲ್ಲ. ಮೀರುವುದಿರಲಿ, ಮುಂದಿನ ವಾರವೇ ನರಸೀಪುರದ ಸಂತೆಯಿಂದ ನನ್ನ ಅಳತೆಯ ಕಪ್ಪು ಬೂಟು ತಂದಿಟ್ಟ. ಫ್ಯಾಕ್ಟರಿಗೆ ಬೂಟು ಕಡ್ಡಾಯವಂತೆ. ಮಗ ಪಾಸಾಗುತ್ತಾನೆ ಎಂಬ ನಂಬಿಕೆ ಅಷ್ಟು ಬಲವಾಗಿತ್ತು.

ಜಗಲಿಯಿಂದ ಏಳುವಾಗ ದೊಡ್ಡಪ್ಪ ಇನ್ನೊಂದು ಮಾತು ಆಡಿದರು. ನನ್ನ ತಂಗಿ ನಾಗರತ್ನ ಆಗ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿದ್ದಳು. "ಗಂಡುಡ್ಗ ಇವುಂದೇ ಆಗ್ನಿಲ್ಲ ಅಂದ್ರೆ, ಇನ್ನ ಅವ್ಳುನ್ನ ಮುಂದುಕ್ಕೆ ಓದುಸ್ತೀಯಾ? ಸುಮ್ನಿರು." ಒಳಗೆ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದ ಕತ್ತಿಯ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಹೀಗೆ ನನ್ನ ಒಂದು ಪತ್ರಿಕೆಯ ಮೇಲೆ ಇಬ್ಬರ ಓದು ನಿಂತಿತು. ಇಂಥ ಸಮಯದಲ್ಲಿ ಬುದ್ಧಿಯಿದ್ದವನು ಏನು ಮಾಡುತ್ತಾನೆ? ಪುಸ್ತಕ ತೆಗೆದು ಅವಕಲ ಸಮೀಕರಣ ಓದುತ್ತಾನೆ. ನಾನು ಪದವಿಯ ಹೊಸ್ತಿಲಲ್ಲಿದ್ದ ವಿದ್ಯಾವಂತ. ನನ್ನ ದಾರಿಯೇ ಬೇರೆ. ನಾನು ನಂಬರನ್ನೇ ಹಿಡಿದುಕೊಂಡೆ. ದೊಡ್ಡಪ್ಪ ಅದರ ಮೇಲೆ ಶನಿಯನ್ನು ಕೂರಿಸಿದ್ದಾರೆ ತಾನೆ? ಅದಕ್ಕಿಂತ ದೊಡ್ಡ ಗುಣವೊಂದನ್ನು ಅದರಲ್ಲಿ ಹುಡುಕಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಎರಡರಿಂದ ಹೋಗುವುದಿಲ್ಲ, ಬೆಸಸಂಖ್ಯೆ. ಮೂರರಿಂದ ಹೋಗುವುದಿಲ್ಲ. ಐದರಿಂದ ಇಲ್ಲ. ಏಳರಿಂದ ಭಾಗಿಸಿದೆ, ಐದು ಉಳಿಯಿತು. ಹನ್ನೊಂದು, ನಾಲ್ಕು ಉಳಿಯಿತು. ಹದಿಮೂರು, ಆರು. ಹದಿನೇಳು, ಹದಿನಾಲ್ಕು. ಹತ್ತೊಂಬತ್ತರಿಂದ ಇನ್ನೇನು ಹೋಗಿಯೇಬಿಟ್ಟಿತು ಎನ್ನುವಾಗ ಕೊನೆಯಲ್ಲಿ ಒಂದೇ ಒಂದು ಉಳಿದುಕೊಂಡಿತು. ಬೆನ್ನು ನೆಟ್ಟಗಾಯಿತು. ಇದು ಯಾರಿಗೂ ಬಗ್ಗದ ಸಂಖ್ಯೆ. ಅವಿಭಾಜ್ಯ ಇರಬೇಕು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಇನ್ಯಾರೂ ಶೇಷವಿಲ್ಲದೆ ಭಾಗಿಸಲಾಗದ ಸಂಖ್ಯೆ. ಹಾಗಿದ್ದರೆ ಶನಿಯ ಕೈಯಲ್ಲಿ ಏನಾದೀತು?

ಅವಿಭಾಜ್ಯ ಎಂದು ಸಾಧಿಸಲು ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕಿಲ್ಲ, ಅಷ್ಟು ನನಗೂ ಗೊತ್ತಿತ್ತು. ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅದೂ ವರ್ಗಮೂಲದ ತನಕ. ಎರಡು ಸಂಖ್ಯೆ ಗುಣಿಸಿ ನನ್ನ ನಂಬರು ಬಂದಿದ್ದರೆ ಅವೆರಡರಲ್ಲಿ ಒಂದಾದರೂ ಕುಳ್ಳನಾಗಿರಲೇಬೇಕು, ಇಬ್ಬರೂ 533ನ್ನು ಮೀರಿ ಬೆಳೆದರೆ ಗುಣಲಬ್ಧ ನನ್ನ ನಂಬರನ್ನು ದಾಟಿಬಿಡುತ್ತದೆ. ಹಾಗಾಗಿ 533ರ ತನಕದ ಅವಿಭಾಜ್ಯಗಳ ಪಟ್ಟಿ ಬೇಕು. ಪಟ್ಟಿ ಮಾಡಲು ಗ್ರೀಕ್ ದೇಶದ ಯಾರೋ ಪುಣ್ಯಾತ್ಮ ಜರಡಿ ಹಿಡಿಯುವ ಉಪಾಯ ಹೇಳಿದ್ದಾನೆ. ಬೆಸಸಂಖ್ಯೆಗಳನ್ನು ಸಾಲಾಗಿ ಬರೆದು, ಮೂರರ ಮಗ್ಗಿಯವನ್ನು ಹೊಡೆದುಹಾಕು, ಐದರ ಮಗ್ಗಿಯವನ್ನು ಹೊಡೆದುಹಾಕು, ಏಳರವನ್ನು, ಹೀಗೇ ಮುಂದಕ್ಕೆ. ಜರಡಿಯಲ್ಲಿ ಉಳಿದವು ಅವಿಭಾಜ್ಯಗಳು.

ನಾನು ಈ ಜರಡಿ ಹಿಡಿದದ್ದು ಬಸ್ಸಿನಲ್ಲಿ. ಹೆಮ್ಮಿಗೆಯಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ಕಾಲೇಜಿನಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ ಎಂದುಕೊಳ್ಳಬೇಡಿ. ಒಂದಿತ್ತು, ಯಾರೂ ಮುಟ್ಟಿ ಕೆಡಿಸದಂತೆ ಲ್ಯಾಬಿನ ಬೀರುವಿನಲ್ಲಿ ಬೀಗದೊಳಗೆ ಕ್ಷೇಮವಾಗಿತ್ತು. ಹಾಗಾಗಿ ಕೈಬರಹದ ಭಾಗಾಕಾರ. ದಾರಿಯಲ್ಲಿ ಹದಿನಾರು ಎಂಬ ಊರು ಬರುತ್ತದೆ. ಕಂಡಕ್ಟರ್ "ಅದ್ನಾರು ಯಾರ್ರೀ, ಅದ್ನಾರು" ಎಂದು ಕೂಗಿದಾಗಲೆಲ್ಲ ನನಗೆ ಆ ಊರಿನವರ ಮೇಲೆ ಹೊಟ್ಟೆಕಿಚ್ಚು. ನಾಲ್ಕರ ವರ್ಗವೂ ಹೌದು, ಎರಡನ್ನು ನಾಲ್ಕು ಸಲ ಬರೆದು ಗುಣಿಸಿದರೂ ಅದೇ. ಬೇರೆ ಯಾವ ಎರಡು ಪೂರ್ಣಸಂಖ್ಯೆಗಳನ್ನು ತೆಗೆದುಕೊಂಡು ಹೀಗೆ ಅದಲುಬದಲು ಮಾಡಿದರೂ ಒಂದೇ ಉತ್ತರ ಬರುವುದಿಲ್ಲ. ಇಷ್ಟು ಕುಲೀನ ಸಂಖ್ಯೆಯೊಳಗೆ ಹುಟ್ಟಿ ಬೆಳೆದ ಜನ ಕೋಳಿ, ಮಂಕರಿ ಹಿಡಿದು ಏನೂ ಆಗದವರಂತೆ ಬಸ್ಸಿಳಿದು ಹೋಗುತ್ತಿದ್ದರು.

ಈಗ ಒಂದು ಪದ್ಧತಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುವುದಿಲ್ಲ. 'ಲಾಭ' ಅನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಊರಿನ ಅರ್ಧ ಕಣಗಳಲ್ಲಿ ಅಳೆಯುತ್ತಿದ್ದವರು ದೊಡ್ಡಪ್ಪನೇ. ಗಣಿತದಲ್ಲಿ ಮೂರು ಸಲ ಫೇಲಾದವರ ಕೈಗೆ ಊರು ಕೊಳಗ ಯಾಕೆ ಕೊಟ್ಟಿತ್ತು ಎಂದರೆ, ಅವರು ಅಳೆಯುವಾಗ ಪಕ್ಕದಲ್ಲಿ ಸಿಡಿಲು ಬಡಿದರೂ ಎಣಿಕೆ ತಪ್ಪುತ್ತಿರಲಿಲ್ಲ. ಚಿಕ್ಕಂದಿನಿಂದ ಗೋಣಿಚೀಲ ಹಿಡಿದು ನಿಂತು ಕೇಳಿಸಿಕೊಂಡ ನನಗೆ ಯಾವುದನ್ನೇ ಎಣಿಸಲು ಹೊರಟರೂ ಬಾಯಿಗೆ ಮೊದಲು ಬರುವುದು ಲಾಭವೇ. ಕಾಲೇಜಿನಲ್ಲಿ ನಮ್ಮ ಗಣಿತದ ಮೇಷ್ಟರು 'ಒಂದು' ಎಂಬುದು ಅವಿಭಾಜ್ಯವೂ ಅಲ್ಲ, ಭಾಜ್ಯವೂ ಅಲ್ಲ, ಅದರ ಜಾತಿಯೇ ಬೇರೆ ಎಂದು ಒಂದು ಪೀರಿಯಡ್ ಪೂರ್ತಿ ಇಂಗ್ಲಿಷಿನಲ್ಲಿ ವಿವರಿಸಿದಾಗ, ಇದರಲ್ಲಿ ಹೊಸದೇನಿದೆ, ನಮ್ಮ ದೊಡ್ಡಪ್ಪ ಅದನ್ನು ಎಣಿಕೆಯ ಹೆಸರಿನಿಂದಲೇ ಕರೆಯುವುದಿಲ್ಲವಲ್ಲ ಎಂದುಕೊಂಡಿದ್ದೆ.

ಅಂದುಕೊಂಡದ್ದು ಸರಿ. ಪಾಲಿಸಿದ್ದು ತಪ್ಪು. ಪಟ್ಟಿಯ ತಲೆಯ ಮೇಲೆ, ಶುಭವಾಗಲಿ ಎಂದು, 1 ಎಂದು ಬರೆದು ಪಕ್ಕದಲ್ಲಿ 'ಲಾಭ' ಎಂದು ಬರೆದೆ. ಅದರ ಕೆಳಗೆ 2, 3, 5, 7, 11. ಹೀಗೆ ಕೊನೆಗೆ 523.

ಪಟ್ಟಿ ಪೂರ್ತಿಯಾಗಿದೆಯೇ ಎಂದು ತಾಳೆ ನೋಡಲು ಒಂದು ಉಪಾಯವಿತ್ತು. ನೂರನೆಯ ಅವಿಭಾಜ್ಯ ಸಂಖ್ಯೆ 541 ಎಂದು ಮೇಷ್ಟರು ಒಮ್ಮೆ ಹೇಳಿದ್ದರು. ಅಂದರೆ 523ಕ್ಕೆ ತೊಂಬತ್ತೊಂಬತ್ತು ಆಗಬೇಕು. ಬೆರಳಿಟ್ಟು ಎಣಿಸಿದೆ. ಲಾಭ, ಎರಡು, ಮೂರು ಎಂದು ಶುರು ಮಾಡಿದೆ. ಕಣ್ಣೆದುರಿಗೂ 1, 2, 3 ಎಂದೇ ಬರೆದಿತ್ತು; ಬಾಯಿ, ಬೆರಳು, ಪುಸ್ತಕ ಮೂರೂ ಒಂದಾಗಿ ಸಾಗಿದವು. ಕೊನೆಗೆ 523ರ ಮೇಲೆ ಬೆರಳು ಬಂದಾಗ ಬಾಯಲ್ಲಿ ಸರಿಯಾಗಿ ತೊಂಬತ್ತೊಂಬತ್ತು.

ಮೂರು ತಿಂಗಳು ಭಾಗಿಸಿದೆ. ಯಾವುದರಿಂದಲೂ ಹೋಗಲಿಲ್ಲ. ಕೊನೆಯ ಶೇಷ ಬರೆದ ದಿನ ನಂಜನಗೂಡಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ. ಮರುವಾರ ಕಾಲೇಜಿನ ಗಣಿತ ಸಂಘದಲ್ಲಿ 'ನನ್ನ ನಂಬರು ಅವಿಭಾಜ್ಯ' ಎಂಬ ವಿಷಯದ ಮೇಲೆ ಅರ್ಧ ಗಂಟೆ ಭಾಷಣ ಮಾಡಿದೆ. ಸಂಘದಲ್ಲಿ ಹನ್ನೊಂದು ಜನ ಇದ್ದರು, ಅದೂ ಅವಿಭಾಜ್ಯವೇ. ಮೇಷ್ಟರು ನೋಟ್‌ಬುಕ್ಕನ್ನು ಎತ್ತಿ ತೂಕ ನೋಡಿ, ಒಳಗೆ ನೋಡದೆ, "ವೆರಿ ಗುಡ್, ಇದಪ್ಪ ಶ್ರಮ ಅಂದ್ರೆ" ಎಂದು ಒಂದು ಪೆನ್ನು ಬಹುಮಾನ ಕೊಟ್ಟರು. ಉನ್ನತ ಶಿಕ್ಷಣದ ಬಗ್ಗೆ ನನಗಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಊರಿಗೆ ಬಂದು ದೊಡ್ಡಪ್ಪನ ಮುಂದೆ ನಿಂತೆ. "ದೊಡ್ಡಪ್ಪ, ನನ್ನ ನಂಬರ್‌ನ ಯಾವುದರಿಂದಲೂ ಭಾಗ ಮಾಡಕ್ಕಾಗಲ್ಲ. ಶನಿ ಬಂದ್ರೂ ಆಗಲ್ಲ."

ದೊಡ್ಡಪ್ಪ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. "ಭಾಗ ಆಗ್ದೇ ಇರೋದು ಒಳ್ಳೇದು ಅಂತ ಯಾವನ್ಲಾ ನಿಂಗೆ ಹೇಳ್ದೋನು? ಕೆರೆ ಕೆಳಗಿನ ಜಮೀನು ಭಾಗ ಆಗ್ನಿಲ್ಲ ಅಂತ ನಮ್ಮಪ್ಪನ ಕಾಲ್ದಿಂದ ನರಸೀಪುರದ ಕೋರ್ಟ್‌ಗೆ ಅಲೀತಾ ಇವ್ನಿ. ಒಂಬತ್ತು ಶನಿವಾರ ಎಳ್ಳುಬತ್ತಿ ಹಚ್ಚೋಗು."

ನಾಗರತ್ನ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ನಂಬರು ಮಾತ್ರ ಕೇಳಿ ಬರೆದುಕೊಂಡಳು. ಅಣ್ಣನ ಸಾಧನೆಯನ್ನು ಗೆಳತಿಯರಿಗೆ ಹೇಳಲು ಇರಬೇಕು ಎಂದು ನಾನು ಸಂತೋಷದಿಂದಲೇ ಬರೆಸಿದೆ.

ಎರಡು ದಿನ ಬಿಟ್ಟು ರೇಷ್ಮೆ ಹುಳುವಿನ ಮನೆಯಿಂದ ಕರೆದಳು. ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ, ಹಿಂದುಗಡೆ ಹತ್ತು ಸಾಲು ಲೆಕ್ಕ.

"ನಿನ್ನ ನಂಬರು ಪ್ರೈಮ್ ಅಲ್ಲ ಕಣಣ್ಣ."

"ಲೇ, ತೊಂಬತ್ತೊಂಬತ್ತು ನಂಬರಿಂದ ಭಾಗಿಸಿದ್ದೀನಿ. ಮೂರು ತಿಂಗಳು."

"ನಾನು ಭಾಗಿಸ್ಲೇ ಇಲ್ಲ. ಕೂಡ್ದೆ." ಹಾಳೆ ಮುಂದೆ ಹಿಡಿದಳು. "ಹೈಸ್ಕೂಲಲ್ಲಿ ಎ ಪ್ಲಸ್ ಬಿ, ಎ ಮೈನಸ್ ಬಿ ಅಂತ ಇತ್ತಲ್ಲ. ಎರಡು ವರ್ಗಗಳ ವ್ಯತ್ಯಾಸ. ನಿನ್ನ ನಂಬರಿಗೆ ಎಷ್ಟು ಸೇರಿಸಿದ್ರೆ ವರ್ಗ ಆಗ್ತದೆ ಅಂತ 534ರಿಂದ ನೋಡ್ಕೊಂಡು ಬಂದೆ. ಸೇರಿಸೋದೂ ವರ್ಗ ಆಗ್ಬೇಕು, ಬರೋದೂ ವರ್ಗ ಆಗ್ಬೇಕು. ಒಂಬತ್ತು ಸಲ ಆಗ್ಲಿಲ್ಲ. ಹತ್ತನೇ ಸಲಕ್ಕೆ ನೋಡು."

ನೋಡಿದೆ. 284849ಕ್ಕೆ ಹತ್ತು ಸಾವಿರ ಸೇರಿಸಿದರೆ 294849. ಅದು 543ರ ವರ್ಗ. ಹತ್ತು ಸಾವಿರವೋ, ನೂರರ ವರ್ಗ. ಹಾಗಾಗಿ ನನ್ನ ನಂಬರು ಎಂದರೆ 543ರಿಂದ ನೂರು ಕಳೆದದ್ದು ಇಂಟು 543ಕ್ಕೆ ನೂರು ಕೂಡಿದ್ದು. 443 ಇಂಟು 643. ಕಿತ್ತಳೆ ತೊಳೆ ಬಿಡಿಸಿದ ಹಾಗೆ ಎರಡಾಗಿ ಬಿಚ್ಚಿಕೊಂಡಿತ್ತು.

ಒಂದು ಸಂಖ್ಯೆಯ ಕಣ್ಣಿಗೆ ಬೀಳದ ಚೆಲುವು ಹೀಗೆ ಎದುರಿಗೆ ಬಂದಾಗ ಮನುಷ್ಯನಾದವನಿಗೆ ಆನಂದವಾಗಬೇಕು. ನನಗೆ ಪೆನ್ನು ನೆನಪಾಯಿತು, ದೋಸೆ ನೆನಪಾಯಿತು. "443 ನನ್ನ ಪಟ್ಟೀಲಿ ಇರಲಿಲ್ಲವಾ?" ಎಂದೆ. ಅವಳು ಆಗಲೇ ನೋಟ್‌ಬುಕ್ ತೆರೆದಿದ್ದಳು. ಜರಡಿಯ ಪುಟದಲ್ಲಿ 441 ಏಳರ ಮಗ್ಗಿಯದು. ಅದನ್ನು ಹೊಡೆಯುವಾಗ ಬಸ್ಸು ಎಲ್ಲೋ ಹಳ್ಳಕ್ಕೆ ಬಿದ್ದಿರಬೇಕು, ಗೆರೆ ಉದ್ದವಾಗಿ ಪಕ್ಕದ 443ರ ಕತ್ತನ್ನೂ ಕೊಯ್ದಿತ್ತು. ಇಡೀ ಪುಟದಲ್ಲಿ ಅನ್ಯಾಯವಾಗಿ ಸತ್ತದ್ದು ಅದೊಂದೇ. ಬೇಕಾಗಿದ್ದದ್ದೂ ಅದೊಂದೇ.

"ಆದ್ರೆ ಎಣಿಸಿದಾಗ ತೊಂಬತ್ತೊಂಬತ್ತು ಸರಿಯಾಗಿ ಬಂತಲ್ಲೇ."

ಅವಳು ಪಟ್ಟಿಯ ತಲೆಯ ಮೇಲೆ ಬೆರಳಿಟ್ಟಳು. ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. "ಲಾಭಾನೂ ಎಣಿಸ್ಬುಟ್ಟಿದ್ದೀಯಲ್ಲಣ್ಣ."

ಯೋಚನೆ ಮಾಡಿ ನೋಡಿ. ಕಾಲೇಜು ಓದಿದ ಸಾವಿರ ಜನ ಪಟ್ಟಿಯಲ್ಲಿ ಒಂದು ಅವಿಭಾಜ್ಯ ಬಿಟ್ಟಿರಬಹುದು. ಅವರಿಗೆಲ್ಲ ತಾಳೆ ನೋಡುವಾಗ ಸಿಕ್ಕಿಬೀಳುವ ಭಾಗ್ಯವಿರುತ್ತದೆ. ಬಿಟ್ಟುಹೋದ ಜಾಗವನ್ನು ಶುಭದ ಕೊಳಗ ತುಂಬಿಸಿ ಲೆಕ್ಕ ಸರಿಮಾಡಿಕೊಂಡದ್ದು ಹೆಮ್ಮಿಗೆಯ ಕಣದಲ್ಲಿ ಬೆಳೆದವನು ಮಾತ್ರ.

"ಇರ್ಲಿ ಬಿಡು" ಎಂದಳು ನಾಗರತ್ನ. "ಪರೀಕ್ಷೆಗೆ ಇನ್ನು ಐದು ವಾರ ಇದೆ. ಹೋಗಿರೋ ಪತ್ರಿಕೇಲಿ ಎಷ್ಟು ಲೆಕ್ಕ ಮಾಡಿದ್ದೀಯ?"

ನಾನು ಹುಳುಗಳ ಕಡೆ ನೋಡಿದೆ. ಅವು ಸೊಪ್ಪು ಮೇಯುವಾಗ ಸಣ್ಣ ಮಳೆ ಬಂದ ಹಾಗೆ ಸದ್ದಾಗುತ್ತದೆ.

"ಒಂದೂ ಮಾಡಿಲ್ವಾ?"

"ಈ ನಂಬರು ಮುಗಿದ ಮೇಲೆ ಶುರು ಮಾಡಣ ಅಂತ."

"ಅವತ್ತು ಜಗಲೀಲಿ ದೊಡ್ಡಪ್ಪ ಹೇಳಿದ್ದು ನನ್ನ ಕಿವಿಗೂ ಬಿದ್ದದೆ" ಎಂದಳು. ಇಷ್ಟನ್ನೂ ಸೊಪ್ಪು ಹರವುತ್ತಲೇ ಹೇಳಿದಳು. "ನೀನು ಫೇಲಾದ್ರೆ ನಿಂಗೆ ಬೂಟಾದ್ರೂ ಅದೆ. ನಂಗೇನದೆ?"

ದೊಡ್ಡಪ್ಪ ಮೂರು ವರ್ಷ ಶನಿಯ ಹೆಸರು ಹೇಳಿ ಹುಟ್ಟಿಸಲಾಗದ ಭಯ ಈ ಒಂದು ಮಾತಿಗೆ ಹುಟ್ಟಿತು. ಮೂರು ತಿಂಗಳು ನಾನು ದೊಡ್ಡಪ್ಪನಿಗೆ ಉತ್ತರ ಬರೆಯುತ್ತಿದ್ದೆ. ಪ್ರಶ್ನೆಪತ್ರಿಕೆಯನ್ನು ಕಳಿಸುವವರು ದೊಡ್ಡಪ್ಪನಲ್ಲ ಎಂಬುದು ಮರೆತೇಹೋಗಿತ್ತು. ಎಂಟು ಎಂದರೆ ಕೆಡುಕು ಎಂದು ಅವರು ನಂಬಿದ್ದರು, ಅವಿಭಾಜ್ಯ ಎಂದರೆ ಒಳಿತು ಎಂದು ನಾನು ನಂಬಿದ್ದೆ. ಅವರು ಆರು ಅಂಕಿ ಕೂಡಿ ಸುಮ್ಮನಾದರು. ನಾನು ವಿದ್ಯಾವಂತನಾದ್ದರಿಂದ ಅದೇ ಮೂಢನಂಬಿಕೆಗೆ ಇನ್ನೂರು ಪುಟದ ನೋಟ್‌ಬುಕ್ ಖರ್ಚು ಮಾಡಿದೆ.

ಮಾರನೆಯ ಬೆಳಗಿನಿಂದ ಹುಳುವಿನ ಮನೆಯೇ ನನ್ನ ಕಾಲೇಜು. ಅವಳು ಸೊಪ್ಪು ಹಾಕಿ ಮುಗಿಸುವುದರೊಳಗೆ ನಾನು ಹತ್ತು ಲೆಕ್ಕ ಮಾಡಬೇಕು. ಅವಕಲ ಸಮೀಕರಣ ಅವಳ ಪಾಠದಲ್ಲಿ ಅಷ್ಟು ದೂರ ಬಂದಿರಲಿಲ್ಲ. ಆದರೂ ನನ್ನ ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ಎರಡೂ ಕಡೆ ಸರಿಹೊಂದುತ್ತದೆಯೇ ಎಂದು ನೋಡಲು ಕಲಿತುಕೊಂಡಳು. ಹೊಂದದಿದ್ದರೆ "ಶೇಷ ಉಳೀತು ಕಣಣ್ಣ" ಎಂದು ಹಾಳೆ ವಾಪಸು ಕೊಡುತ್ತಿದ್ದಳು. ಪೆನ್ನು ಕೊಡುತ್ತಿರಲಿಲ್ಲ, ವೆರಿ ಗುಡ್ ಅನ್ನುತ್ತಿರಲಿಲ್ಲ. ಹುಳು ಗೂಡು ಕಟ್ಟುವ ಹೊತ್ತಿಗೆ ನಾನೂ ಒಂದು ಮಟ್ಟಕ್ಕೆ ಬಂದಿದ್ದೆ.

ಪರೀಕ್ಷೆ ಬರೆದೆ. ಆಮೇಲೆ ಫಲಿತಾಂಶದ ದಿನ ನಂಜನಗೂಡಿಗೆ ಹೋದೆ. ಆಗ ನೋಟೀಸು ಬೋರ್ಡಿನಲ್ಲಿ ಪಾಸಾದವರ ನಂಬರುಗಳನ್ನು ಮಾತ್ರ ಅಂಟಿಸುತ್ತಿದ್ದರು. ಫೇಲಾದವನಿಗೆ ಫೇಲಾದೆ ಎಂದು ಹೇಳುವಷ್ಟು ಮರ್ಯಾದೆಯೂ ಇರಲಿಲ್ಲ. ಜನರ ಭುಜಗಳ ಮೇಲಿಂದ ಇಣುಕಿದೆ. 284846 ಇತ್ತು. 284847 ಇತ್ತು. 284848 ಇರಲಿಲ್ಲ. ನನ್ನ ಪಕ್ಕದಲ್ಲೇ ಕೂತು ಬರೆಯುತ್ತಿದ್ದ, ನನಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗ. ಅವನ ಮೊತ್ತ ಏಳು. ಶನಿಯ ಸೋಂಕೂ ಇಲ್ಲದವನು.

284847ರ ಕೆಳಗೆ ನೇರವಾಗಿ 284849.

ಮೂರು ತಿಂಗಳು ಅದನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ತೊಂಬತ್ತೆಂಟು ಬಗೆಯಲ್ಲಿ ಭಾಗಿಸಿ ನೋಡಿದ್ದೆ. ಹೀಗೆ ಸುಮ್ಮನೆ ನೋಡಿರಲಿಲ್ಲ. ಅದಕ್ಕೆ ಅವಿಭಾಜ್ಯದ ಗತ್ತಿರಲಿಲ್ಲ, ವರ್ಗಸಂಖ್ಯೆಯ ಕುಲವಿರಲಿಲ್ಲ. ಇನ್ನೆರಡು ಸಂಖ್ಯೆಗಳ ಹೆಗಲ ಮೇಲೆ ನಿಂತ ಒಂದು ಸಾಧಾರಣ ಭಾಜ್ಯ ಸಂಖ್ಯೆ. ಪಾಸ್ ಕ್ಲಾಸ್.

ಪ್ರಮಾಣಪತ್ರ ಬರಲು ಇನ್ನೂ ಒಂದು ವರ್ಷದ ಮೇಲಾಯಿತು. ಕಾಲೇಜಿನ ಆಫೀಸಿಗೆ ಬಂದಿದೆ ಎಂದು ಗೊತ್ತಾದ ದಿನ ಅಪ್ಪ ತಂದಿಟ್ಟಿದ್ದ ಕಪ್ಪು ಬೂಟು ಹಾಕಿಕೊಂಡೇ ಹೋದೆ. ಒಂದು ಸಲವಾದರೂ ಅದಕ್ಕೆ ಕೆಲಸ ಕೊಡಬೇಕಲ್ಲ. ಕಿಟಕಿಯಲ್ಲಿದ್ದ ಗುಮಾಸ್ತರಿಗೆ ನನ್ನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು ಎಲ್ಲ ಹೇಳಿದೆ.

"ಹೆಸರು ತಗೊಂಡು ಏನ್ಮಾಡಣ? ನಂಬರ್ ಹೇಳ್ರೀ."

ಹೇಳಿದೆ. ಅವರು ಹುಡುಕಿ ತೆಗೆದುಕೊಟ್ಟರು. ಇಷ್ಟು ವರ್ಷದಲ್ಲಿ ಆ ನಂಬರಿಗೆ ಯಾವ ಅರ್ಥವನ್ನೂ ಹಚ್ಚದೆ ಕೇಳಿದವರು ಅವರೊಬ್ಬರೇ.

ಹೆಮ್ಮಿಗೆಯಲ್ಲಿ ಬಸ್ಸಿಳಿದಾಗ ನಮ್ಮ ರಾಗಿ ಅಳೆಯಲು ರಾಶಿ ಹಾಕಿ ಆಗಿತ್ತು. ಒಕ್ಕಣೆ ನಡೆದದ್ದು ಟಾರು ರಸ್ತೆಯ ಮೇಲೆ, ಲಾರಿ ಬಸ್ಸುಗಳ ಚಕ್ರದಡಿ. ಅಳತೆ ಮಾತ್ರ ಶಾಸ್ತ್ರೋಕ್ತವಾಗಿ, ಕಣದಲ್ಲಿ, ಪೂರ್ವಕ್ಕೆ ಮುಖ ಮಾಡಿ. ದೊಡ್ಡಪ್ಪ ಕೊಳಗ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ನಾಗರತ್ನ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದಿದ್ದಳು. ಪಿ.ಯು.ಸಿ. ಮುಗಿಸಿ ಅವಳು ನಂಜನಗೂಡಿನಲ್ಲಿ ಬಿ.ಎಸ್ಸಿ.ಗೆ ಸೇರಿ ಆರು ತಿಂಗಳಾಗಿತ್ತು. ನಾನು ಪಾಸಾದ ಮೇಲೆ ದೊಡ್ಡಪ್ಪ ಅದಕ್ಕೆ ಬೇಡವೆಂದೂ ಅಂದಿರಲಿಲ್ಲ, ಹೂಂ ಎಂದೂ ಅಂದಿರಲಿಲ್ಲ.

ಅಳತೆ ಶುರುವಾದರೆ ಅವರನ್ನು ಮಾತಾಡಿಸುವಂತಿಲ್ಲ. ಶುರುವಾಗಿರಲಿಲ್ಲ. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮುಂದೆ ಹಿಡಿದೆ. ಅವರು ಕೊಳಗ ಕೆಳಗಿಟ್ಟು, ಟವೆಲ್ಲಿಗೆ ಎರಡು ಸಲ ಕೈ ಒರೆಸಿಕೊಂಡು, ಅಂಚಿನಲ್ಲಿ ಹಿಡಿದುಕೊಂಡರು. ಹೆಸರು ನೋಡಲಿಲ್ಲ, ಮೊಹರು ನೋಡಲಿಲ್ಲ. ನಂಬರಿನ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸಿದರು. ಎಂಟು ಎಂದು ಬಂದಿರಲೇಬೇಕು. ಎಷ್ಟು ಸಲ ಕೂಡಿದರೂ ಅದು ಎಂಟೇ. ಅವರ ಮೂರನೆಯ ನಂಬರು ಗುರುವಿನದು ಎಂದು ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಮತ್ತೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. ಶನಿ ಇಲ್ಲದೆಯೂ ಫೇಲಾದೆ ಎಂದು ಈ ವಯಸ್ಸಿನಲ್ಲಿ ಅವರು ತಿಳಿದುಕೊಂಡು ಆಗಬೇಕಾದ್ದೇನು?

ಮೊತ್ತವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ, ತುಂಬಿದ ಕೊಳಗ ಎತ್ತುವ ಹಾಗೆ ಎತ್ತಿ, ರಾಗಿಯ ರಾಶಿಯ ನೆತ್ತಿಯ ಮೇಲೆ ಮಲಗಿಸಿದರು.

"ಲಾಭ" ಎಂದರು.

ಆಮೇಲೆ ಚೀಲ ಹಿಡಿದು ನಿಂತಿದ್ದವಳ ಕಡೆ ತಿರುಗಿದರು.

"ಎಲ್ಡು ನಿಂದು ಕಣವ್ವ. ಎಣಿಕೆ ತಪ್ಪುಸ್ಬ್ಯಾಡ."